ಜೀವನವಿಡೀ ಕಲಿಸಿದ್ದೇ ತಪ್ಪು ಅನ್ನಿಸಿದ ಮೇಲೆ ಆತ್ಮಕಥೆ ಬರೆಯುವುದು ಹೇಗೆ?

ಅಂಚಿನ_ಟಿಪ್ಪಣಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು 31 ವರ್ಷ ತತ್ವಶಾಸ್ತ್ರ ಪಾಠ ಮಾಡಿದವಳು. ಈ ವರ್ಷ ನಿವೃತ್ತಿ. ನಿವೃತ್ತರಾಗುವವರಿಂದ ಲೇಖನ ಬರೆಸಿ ವಿಭಾಗದವರು ಒಂದು ಪುಸ್ತಕ ತರುತ್ತಿದ್ದಾರೆ. ನನಗೆ 20 ಪುಟ ಕೊಟ್ಟಿದ್ದಾರೆ. ವಿಷಯ, ನನ್ನ ಬದುಕು ಮತ್ತು ನನ್ನ ಕೆಲಸ. ಸುಲಭ ಅಂದುಕೊಂಡು ಒಪ್ಪಿಕೊಂಡೆ. ಎರಡು ತಿಂಗಳಾಯಿತು, ಮೂರನೇ ಪುಟ ದಾಟಿಲ್ಲ.

ಕಾರಣ ಇದು. ನನ್ನ ಪಿಎಚ್.ಡಿ. ಒಂದೇ ಪ್ರಶ್ನೆಯ ಮೇಲೆ. ಇವತ್ತಿನ ನಾನೂ ಹತ್ತು ವರ್ಷದ ಹುಡುಗಿಯಾಗಿದ್ದ ನಾನೂ ಒಬ್ಬಳೇ ಅಂತ ಯಾವ ಆಧಾರದ ಮೇಲೆ ಹೇಳುತ್ತೇವೆ? ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ತನ್ನ ದೊಡ್ಡ ಪುಸ್ತಕದ ಎರಡನೇ ಆವೃತ್ತಿಗೆ ಹೊಸದಾಗಿ ಒಂದು ಅಧ್ಯಾಯ ಸೇರಿಸಿ ಉತ್ತರ ಕೊಟ್ಟ. ಹಿಂದೆ ನಡೆದದ್ದನ್ನು ಇದು ನಾನು ಮಾಡಿದ್ದು ಅಂತ ಒಳಗಿನಿಂದ ಅರಿಯಲು ಆದರೆ, ಅದನ್ನು ಮಾಡಿದವಳು ನಾನೇ. ಥಾಮಸ್ ರೀಡ್ 1785ರಲ್ಲಿ ಇದಕ್ಕೆ ಸರಿಯಾದ ಪೆಟ್ಟು ಕೊಟ್ಟ. ತೋಟದಲ್ಲಿ ಕದ್ದು ಏಟು ತಿಂದ ಒಬ್ಬ ಹುಡುಗ. ಅವನೇ ಮುಂದೆ ಯುದ್ಧದಲ್ಲಿ ಶತ್ರುವಿನ ಬಾವುಟ ಕಿತ್ತುಕೊಂಡ ಯುವ ಅಧಿಕಾರಿ. ಆಮೇಲೆ ಸೇನಾಪತಿ. ಅಧಿಕಾರಿಗೆ ಏಟಿನ ನೆನಪಿದೆ. ಸೇನಾಪತಿಗೆ ಬಾವುಟದ ನೆನಪಿದೆ, ಏಟು ಪೂರ್ತಿ ಮರೆತಿದೆ. ಲಾಕ್ ಲೆಕ್ಕದಲ್ಲಿ ಈ ಸೇನಾಪತಿ ಆ ಹುಡುಗ ಹೌದೂ ಹೌದು, ಅಲ್ಲವೂ ಹೌದು.

ಈ ಬಿರುಕನ್ನು ಮುಚ್ಚುವುದೇ ನನ್ನ ಥೀಸಿಸ್. ಬಿಡಿ ನೆನಪುಗಳನ್ನು ಕೈಬಿಟ್ಟು ಕಥೆಯನ್ನು ಹಿಡಿದೆ. ಮನುಷ್ಯ ಅಂದರೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕಥೆ. ನಡುವೆ ನಾಲ್ಕು ನೆನಪು ಬಿದ್ದುಹೋದರೂ ಕಥೆ ನಿಲ್ಲುತ್ತದೆ. ಕಥೆಯೇ ಹೋದರೆ ಆ ಮನುಷ್ಯನೂ ಹೋದ ಹಾಗೆ. ಈ ಕೊನೇ ವಾಕ್ಯ ಥೀಸಿಸ್‌ನ ಕೊನೇ ಅಧ್ಯಾಯದಲ್ಲಿ ಹೆಚ್ಚುಕಡಿಮೆ ಹೀಗೇ ಇದೆ. ಅದನ್ನೇ ಎಷ್ಟೋ ತಂಡಗಳಿಗೆ ಕಲಿಸಿದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, ಮೇಡಂ, ಮಾತು ಬರದ ಮಗು ತನ್ನ ಕಥೆ ಹೇಳಿಕೊಳ್ಳುವುದಿಲ್ಲವಲ್ಲ, ಅದು ಯಾರೂ ಅಲ್ವಾ ಅಂತ ಕೇಳಿದಳು. ನನ್ನ ಹತ್ತಿರ ಸಿದ್ಧ ಉತ್ತರ ಇತ್ತು, ಕೊಟ್ಟೆ. ಅವಳು ಕೂತಳು. ಅವಳಿಗೆ ಒಪ್ಪಿಗೆಯಾಗಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಅಪ್ಪನಿಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆ. ಕಥೆ ಹಾಗಿರಲಿ, ನನ್ನ ಹೆಸರೂ ಅವರಲ್ಲಿ ಉಳಿಯಲಿಲ್ಲ. ನಾನು ಕೋಣೆಗೆ ಹೋದರೆ, ಹೊಸಬರು ಯಾರೋ ಬಂದರು ಅನ್ನುವ ಹಾಗೆ ಮರ್ಯಾದೆಯಿಂದ ಕೂರಿ ಅನ್ನುತ್ತಿದ್ದರು. ಒಂದು ದಿನ ಮಾತ್ರೆ ಪಟ್ಟಿ ಕತ್ತರಿಸಬೇಕಿತ್ತು. ಕತ್ತರಿಯನ್ನು ಅವರ ಮಂಚದ ಪಕ್ಕದ ಮೇಜಿನ ಮೇಲೆ ಮರೆತು ಬಿಟ್ಟಿದ್ದೆ. ಕತ್ತರಿ ಕೊಡಿ ಅಪ್ಪಾ ಅಂದೆ. ತೆಗೆದುಕೊಂಡರು. ತೆರೆದಿದ್ದ ಬಾಯಿಯನ್ನು ಮುಚ್ಚಿದರು. ಅಲಗುಗಳನ್ನು ತಮ್ಮ ಅಂಗೈಯೊಳಗೆ ಹಿಡಿದುಕೊಂಡು, ಹಿಡಿಯನ್ನು ನನ್ನ ಕಡೆ ತಿರುಗಿಸಿ ಚಾಚಿದರು. ನಾನು ಐದಾರು ವರ್ಷದವಳಿದ್ದಾಗಿನಿಂದ ಅವರು ಕತ್ತರಿ ಕೊಟ್ಟಿದ್ದೇ ಹಾಗೆ.

ಕತ್ತರಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕಥೆ ಹೋಗಿತ್ತು. ಅಪ್ಪ ಹೋಗಿರಲಿಲ್ಲ.

ಈಗ ಹೇಳಿ. ಈ 20 ಪುಟದಲ್ಲಿ ಇದನ್ನು ಬರೆಯಬೇಕಾ? ಬರೆದರೆ ಉಳಿದ ಎಲ್ಲಾ ಪುಟ ಏನಾಗುತ್ತವೆ? ನನ್ನ ಸಹೋದ್ಯೋಗಿಯೊಬ್ಬರು, ಅಭಿನಂದನೆಯ ಪುಸ್ತಕದಲ್ಲಿ ಇದೆಲ್ಲ ಯಾಕೆ, ಸಾಧನೆಗಳನ್ನು ಬರೆದು ಕೊಡಿ ಸಾಕು ಅಂದರು. ದೊಡ್ಡ ತತ್ವಜ್ಞಾನಿಗಳು ತಮ್ಮ ಕೆಲಸ ಕುಸಿದದ್ದರ ಬಗ್ಗೆ ತಮ್ಮ ಬದುಕಿನ ಕಥೆಯಲ್ಲಿ ಹೇಗೆ ಬರೆದಿದ್ದಾರೆ? ಓದಿದವರು ದಯವಿಟ್ಟು ಹೇಳಿ.

---

ಹಳೇ_ಓದುಗ:

ಮೇಡಂ, ಇದೇ ಸಂಕಟಕ್ಕೆ 1,600 ವರ್ಷದ ಹಿಂದೆ ಒಬ್ಬರು ಕೂತು ಉತ್ತರ ಬರೆದಿದ್ದಾರೆ. ಸಂತ ಅಗಸ್ಟೀನ್. ಎಲ್ಲರೂ ಅವರ 'ಕನ್ಫೆಷನ್ಸ್' (ತಪ್ಪೊಪ್ಪಿಗೆಗಳು) ಅನ್ನುವ ಆತ್ಮಕಥೆ ಓದುತ್ತಾರೆ, ಹದಿನಾರನೇ ವಯಸ್ಸಿನಲ್ಲಿ ಪಿಯರ್ ಹಣ್ಣು ಕದ್ದ ಪ್ರಸಂಗ ಎಲ್ಲರಿಗೂ ಗೊತ್ತು. ನಿಮಗೆ ಬೇಕಾಗಿರುವುದು ಅದಲ್ಲ. ಆ ಪುಸ್ತಕ ಬರೆದ ಸುಮಾರು ಕಾಲು ಶತಮಾನದ ಮೇಲೆ, 70 ದಾಟಿದ ಮೇಲೆ, 426–427ರಲ್ಲಿ ಬರೆದ 'ರಿಟ್ರ್ಯಾಕ್ಟೇಷನ್ಸ್'. ಹೆಸರು ಕೇಳಿದರೆ ಹೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಂಡರು ಅಂತ ಅನ್ನಿಸುತ್ತದೆ. ಲ್ಯಾಟಿನ್‌ನಲ್ಲಿ ಆ ಮಾತಿಗೆ ಇನ್ನೊಮ್ಮೆ ಕೈಗೆತ್ತಿಕೊಳ್ಳುವುದು ಅನ್ನುವ ಅರ್ಥ ಇದೆ.

ಅವರು ಮಾಡಿದ್ದು ಇಷ್ಟೇ. ತಾವು ಬರೆದದ್ದನ್ನೆಲ್ಲ ಮೇಜಿನ ಮೇಲೆ ತರಿಸಿಕೊಂಡರು. 93 ಕೃತಿಗಳು, ಅವುಗಳೊಳಗೆ ಒಟ್ಟು 232 ಭಾಗಗಳು. ಬರೆದ ಕ್ರಮದಲ್ಲೇ ಒಂದೊಂದನ್ನೂ ತೆಗೆದು, ಇದನ್ನು ಯಾವಾಗ ಬರೆದೆ, ಯಾಕೆ ಬರೆದೆ, ಇದರಲ್ಲಿ ಈಗ ಯಾವ ಮಾತು ಒಪ್ಪಿಗೆಯಿಲ್ಲ ಅಂತ ನೋಡುತ್ತಾ ಹೋದರು. ಓದುಗರು ಕ್ರಮವಾಗಿ ಓದಿದರೆ ನಾನು ಬರೆಯುತ್ತಾ ಬರೆಯುತ್ತಾ ಹೇಗೆ ಬೆಳೆದೆ ಅಂತ ಕಾಣಬಹುದು ಅನ್ನುವುದು ಅವರ ಆಸೆ.

ನಿಮಗೆ ಹತ್ತಿರವಾದ ಒಂದು ಜಾಗ ಹೇಳುತ್ತೇನೆ. 'ಕನ್ಫೆಷನ್ಸ್'ನ ನಾಲ್ಕನೇ ಭಾಗದಲ್ಲಿ ಹರೆಯದ ಗೆಳೆಯನೊಬ್ಬ ಸಾಯುತ್ತಾನೆ. ಅಗಸ್ಟೀನ್‌ಗೆ ಬದುಕು ಬೇಡವಾಗುತ್ತದೆ, ಆದರೆ ಸಾಯಲೂ ಹೆದರಿಕೆ. ಯಾಕೆ ಅಂದರೆ ಇಬ್ಬರದೂ ಒಂದೇ ಜೀವ, ಅದರ ಅರ್ಧ ನನ್ನಲ್ಲಿ ಉಳಿದಿದೆ, ನಾನೂ ಸತ್ತರೆ ಅವನು ಪೂರ್ತಿ ಸತ್ತುಹೋಗುತ್ತಾನೇನೋ ಅಂತ ಬರೆಯುತ್ತಾರೆ. ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಮುಪ್ಪಿನಲ್ಲಿ ಅದೇ ಸಾಲಿಗೆ ವಾಪಸ್ ಬಂದು ಅಗಸ್ಟೀನ್ ಏನು ಹೇಳುತ್ತಾರೆ ಗೊತ್ತಾ? ಇದು ಗಂಭೀರವಾದ ತಪ್ಪೊಪ್ಪಿಗೆಗಿಂತ ಹಗುರವಾದ ಭಾಷಣದ ಹಾಗೆ ಕಾಣುತ್ತದೆ ಅಂತ. ಜೊತೆಗೆ, ಬಹುಶಃ ಅನ್ನುವ ಒಂದು ಮಾತು ಅಲ್ಲಿ ಸೇರಿಸಿದ್ದರಿಂದ ಸ್ವಲ್ಪ ಪರವಾಗಿಲ್ಲ ಅಂತಲೂ ಹೇಳುತ್ತಾರೆ. ಅದೇ ಪುಸ್ತಕ ಬರೆಯುವಾಗ ನನ್ನನ್ನು ಅಲುಗಾಡಿಸಿತ್ತು, ಈಗ ಓದಿದರೂ ಅಲುಗಾಡಿಸುತ್ತದೆ ಅಂತಲೂ ಅಲ್ಲೇ ಬರೆದಿದ್ದಾರೆ.

ನೋಡಿ, ಪುಸ್ತಕವನ್ನು ಸುಡಲಿಲ್ಲ. ಸಮರ್ಥಿಸಿಕೊಳ್ಳಲೂ ಹೋಗಲಿಲ್ಲ. ಈ ಸಾಲು ಪೊಳ್ಳು, ಈ ಸಾಲು ಇವತ್ತಿಗೂ ನಿಜ, ಅಷ್ಟೇ. ನೀವೂ ಹಾಗೇ ಮಾಡಿ. ಥೀಸಿಸ್ ಪಕ್ಕದಲ್ಲಿಟ್ಟುಕೊಂಡು ಅಧ್ಯಾಯ ಅಧ್ಯಾಯವಾಗಿ ಹೋಗಿ. ಇಡೀದು ತಪ್ಪು ಅಂತ ಒಂದೇ ಉಸಿರಿನಲ್ಲಿ ಹೇಳುವುದು ಸುಲಭ, ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಯಾವ ಪುಟದಲ್ಲಿ ದಾರಿ ತಪ್ಪಿತು ಅಂತ ತೋರಿಸಿದರೆ ನಿಮ್ಮ ವಿದ್ಯಾರ್ಥಿಗಳಿಗೆ ನಿಜಕ್ಕೂ ಉಪಯೋಗ.

ಇಪ್ಪತ್ತನೇ ಶತಮಾನದ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಕೂಡ ಇಂಥದ್ದೇ ಒಂದು ಕೆಲಸ ಯೋಚಿಸಿದ್ದ. ಎರಡನೇ ದೊಡ್ಡ ಪುಸ್ತಕಕ್ಕೆ 1945ರಲ್ಲಿ ಬರೆದ ಮುನ್ನುಡಿಯಲ್ಲಿ, ನನ್ನ ಮೊದಲ ಪುಸ್ತಕದಲ್ಲಿ ದೊಡ್ಡ ತಪ್ಪುಗಳಿದ್ದವು ಅಂತ ನೇರವಾಗಿ ಹೇಳುತ್ತಾನೆ. ಹಳೇ ವಿಚಾರ, ಹೊಸ ವಿಚಾರ ಎರಡನ್ನೂ ಒಟ್ಟಿಗೆ ಅಚ್ಚು ಮಾಡಬೇಕು, ಹಳೆಯದರ ಎದುರಿಗೆ ಇಟ್ಟರೇ ಹೊಸದು ಸರಿಯಾಗಿ ಕಾಣುವುದು ಅನ್ನುವುದು ಅವನ ಯೋಚನೆ.

---

ಲೆಕ್ಕದ_ಮೇಷ್ಟ್ರು:

ನಾನು ಗಣಿತದವನು, ತತ್ವಶಾಸ್ತ್ರ ಓದುವುದು ಪ್ರೀತಿಯಿಂದ. ಗಣಿತ, ತತ್ವಶಾಸ್ತ್ರ ಎರಡರಲ್ಲೂ ದೊಡ್ಡವನಾದ ಬರ್ಟ್ರಂಡ್ ರಸೆಲ್ ಬಗ್ಗೆ ಹೇಳದೇ ಇರಲು ಆಗುವುದಿಲ್ಲ.

ಮೇಡಂ, ರಸೆಲ್ ಆತ್ಮಕಥೆ ಮೂರು ಸಂಪುಟ, 1967ರಿಂದ 1969ರವರೆಗೆ ಬಂತು, ಆಗ ಅವನಿಗೆ 95ರ ಆಸುಪಾಸು. ಹನ್ನೊಂದನೇ ವಯಸ್ಸಿನಲ್ಲಿ ಅಣ್ಣನ ಹತ್ತಿರ ಯೂಕ್ಲಿಡ್‌ನ ರೇಖಾಗಣಿತ ಕಲಿಯಲು ಕೂತದ್ದು ಅದರಲ್ಲಿ ಬರುತ್ತದೆ. ಎಲ್ಲವನ್ನೂ ಸಾಧಿಸಿ ತೋರಿಸುತ್ತಾರಂತೆ ಅಂತ ಕುಣಿದುಕೊಂಡು ಬಂದ ಹುಡುಗನಿಗೆ ಮೊದಲ ಪುಟದಲ್ಲೇ ಸುಮ್ನೆ ಒಪ್ಪಿಕೊಳ್ಳಬೇಕಾದ ಮಾತುಗಳು ಎದುರಾಗುತ್ತವೆ. ಇದನ್ನು ಯಾಕೆ ಒಪ್ಪಬೇಕು ಅಂತ ಕೇಳಿದರೆ, ಒಪ್ಪದಿದ್ದರೆ ಪಾಠ ಮುಂದಕ್ಕೆ ಹೋಗುವುದಿಲ್ಲ ಅಂತ ಅಣ್ಣ ಹೇಳಿದ. ಒಪ್ಪಿಕೊಂಡ, ಆದರೆ ಆ ಮುಳ್ಳು ಉಳಿದುಬಿಟ್ಟಿತು. ಮುಂದಿನ ಇಪ್ಪತ್ತು ಮೂವತ್ತು ವರ್ಷದ ಕೆಲಸವೆಲ್ಲ ಆ ಮುಳ್ಳನ್ನು ತೆಗೆಯುವುದಕ್ಕೇ ಅಂತ ನಾನು ಓದಿಕೊಳ್ಳುತ್ತೇನೆ.

1901ರಲ್ಲಿ ಅವನಿಗೆ ಆ ವಿರೋಧಾಭಾಸ ಸಿಕ್ಕಿತು. ತಮ್ಮನ್ನು ತಾವು ಒಳಗೊಳ್ಳದ ಗುಂಪುಗಳದ್ದೇ ಒಂದು ಗುಂಪು ಮಾಡಿದರೆ, ಅದು ತನ್ನೊಳಗೆ ತಾನು ಸೇರುತ್ತದಾ ಇಲ್ಲವಾ? ಸೇರುತ್ತದೆ ಅಂದರೆ ಸೇರಬಾರದು, ಸೇರುವುದಿಲ್ಲ ಅಂದರೆ ಸೇರಲೇಬೇಕು. ನೋಡಲು ಮಕ್ಕಳ ಒಗಟಿನ ಹಾಗಿದೆ. 1903, 1904ರ ಬೇಸಿಗೆಗಳಲ್ಲಿ ಪ್ರತಿದಿನ ಬೆಳಿಗ್ಗೆ ಒಂದು ಖಾಲಿ ಹಾಳೆ ಮುಂದಿಟ್ಟುಕೊಂಡು ಕೂರುತ್ತಿದ್ದನಂತೆ. ನಡುವೆ ಊಟಕ್ಕೆ ಏಳುವುದು. ಸಂಜೆಯಾದರೂ ಎಷ್ಟೋ ದಿನ ಹಾಳೆ ಖಾಲಿಯೇ. ಉಳಿದ ಆಯುಷ್ಯವೆಲ್ಲ ಈ ಖಾಲಿ ಹಾಳೆ ನೋಡುವುದರಲ್ಲೇ ಕಳೆದುಹೋಗಬಹುದು ಅಂತ ಹೆದರಿದ್ದ. ನನ್ನ ಮಟ್ಟಿಗೆ ಇಡೀ ಆತ್ಮಕಥೆಯಲ್ಲಿ ಅತಿ ಪ್ರಾಮಾಣಿಕವಾದ ಪುಟ ಅದು. ಗಣಿತ ಮಾಡಿದವರಿಗೆಲ್ಲ ಆ ಹಾಳೆ ಗೊತ್ತು.

ಆಮೇಲೆ ಗಣಿತಜ್ಞ ವೈಟ್‌ಹೆಡ್ ಜೊತೆ ಸೇರಿ, ಗಣಿತವನ್ನು ತರ್ಕದ ಮೇಲೆ ಕಟ್ಟಲು ಹೊರಟ 'ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ', ಮೂರು ಸಂಪುಟ, 1910ರಿಂದ 1913. ಅಚ್ಚು ಹಾಕಿದರೆ 600 ಪೌಂಡ್ ನಷ್ಟ ಅಂತ ಪ್ರಕಾಶಕರು ಲೆಕ್ಕ ಹಾಕಿದರು. 300 ಅವರು ಹೊತ್ತುಕೊಂಡರು, 200 ರಾಯಲ್ ಸೊಸೈಟಿ ಕೊಟ್ಟಿತು, ಉಳಿದ 100 ಇವರಿಬ್ಬರ ಕೈಯಿಂದ. ಹತ್ತು ವರ್ಷ ದುಡಿದು ತಲಾ 50 ಪೌಂಡ್ ಕಳೆದುಕೊಂಡರು. ಅದೂ ಹೋಗಲಿ. 1913ರಲ್ಲಿ ಜ್ಞಾನದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆಯುತ್ತಿದ್ದಾಗ ವಿಟ್‌ಗೆನ್‌ಸ್ಟೈನ್ ಬಂದು ಇದು ಸರಿಯಿಲ್ಲ ಅಂದ. ರಸೆಲ್‌ಗೆ ಆ ಟೀಕೆ ಪೂರ್ತಿ ಅರ್ಥವೂ ಆಗಲಿಲ್ಲ, ಆದರೆ ಅವನು ಹೇಳುವುದು ಸರಿ ಅಂತ ಒಳಗೆ ಹೊಳೆಯಿತು. ಪುಸ್ತಕ ಅಲ್ಲಿಗೇ ನಿಂತಿತು. ಕಟ್ಟೆಗೆ ಬಡಿದ ಅಲೆಯ ಹಾಗೆ ಚೂರಾದೆ, ಇನ್ನು ತತ್ವಶಾಸ್ತ್ರದಲ್ಲಿ ಬುಡದ ಕೆಲಸ ನನ್ನಿಂದ ಆಗದು ಅನ್ನಿಸಿತು ಅಂತ 1916ರಲ್ಲಿ ಪತ್ರ ಬರೆದ. ಆ ಪತ್ರವನ್ನು ಬಚ್ಚಿಡಬಹುದಿತ್ತು, ಅಲ್ವಾ? ತಾನೇ ತೆಗೆದು ಆತ್ಮಕಥೆಯ ಎರಡನೇ ಸಂಪುಟದಲ್ಲಿ ಹಾಕಿದ್ದಾನೆ.

80 ತುಂಬಿದಾಗ ಬರೆದದ್ದು ಇನ್ನೂ ಚೆನ್ನಾಗಿದೆ. ಗಣಿತದ ಲೋಕ ನಿಲ್ಲಲಿ ಅಂತ ಒಂದು ಆನೆ ಕಟ್ಟಿದೆ, ಆನೆ ತೂರಾಡಿತು, ಆನೆ ಬೀಳದಿರಲಿ ಅಂತ ಕೆಳಗೆ ಆಮೆ ಕಟ್ಟಿದೆ, ಆಮೆಯೂ ಗಟ್ಟಿ ನಿಲ್ಲಲಿಲ್ಲ, ಇಪ್ಪತ್ತು ವರ್ಷ ಒದ್ದಾಡಿ ಇನ್ನು ನನ್ನಿಂದ ಆಗುವುದಿಲ್ಲ ಅಂತ ಬಿಟ್ಟೆ ಅನ್ನುತ್ತಾನೆ. ಸತ್ಯದ ಬಗ್ಗೆ ನಾನು ಮಾಡಿಕೊಂಡ ಕಲ್ಪನೆ ತಪ್ಪಿರಬಹುದು, ಸತ್ಯ ಅಂತ ಒಂದಿದೆ ಅಂತ ನಂಬಿದ್ದು ತಪ್ಪಲ್ಲ ಅಂತಲೂ ಅದೇ ಬರಹದಲ್ಲಿದೆ.

ಇನ್ನೊಬ್ಬನನ್ನೂ ನೆನೆಯಬೇಕು, ಅವನು ಆತ್ಮಕಥೆ ಬರೆಯಲಿಲ್ಲ. ಜರ್ಮನ್ ಗಣಿತಜ್ಞ ಫ್ರೇಗೆ, ಅವನೂ ಗಣಿತವನ್ನು ತರ್ಕದ ಮೇಲೆ ಕಟ್ಟಲು ಹೊರಟವನು. 1902ರ ಜೂನ್‌ನಲ್ಲಿ ಅವನ ಜೀವಮಾನದ ಕೆಲಸದ ಎರಡನೇ ಸಂಪುಟ ಅಚ್ಚಿನಲ್ಲಿತ್ತು. ಆಗ ರಸೆಲ್ ಪತ್ರ ಬಂತು, ನಿಮ್ಮ ಬುಡದಲ್ಲೇ ಈ ವಿರೋಧಾಭಾಸ ಇದೆ ಅಂತ. ಒಂದು ವಾರದೊಳಗೆ ಫ್ರೇಗೆ ಉತ್ತರ ಬರೆದ, ನೀವು ಹೇಳಿದ್ದು ಸರಿ, ದಂಗಾಗಿಹೋದೆ ಅಂತ. 1903ರಲ್ಲಿ ಪುಸ್ತಕ ಹೊರಬಂದಾಗ ಕೊನೆಗೆ ಒಂದು ಅನುಬಂಧ ಇತ್ತು. ಕೆಲಸ ಮುಗಿಯುವ ಹೊತ್ತಿಗೆ ಅಡಿಪಾಯ ಅಲುಗಾಡುವುದಕ್ಕಿಂತ ಕೆಟ್ಟದ್ದು ಇಲ್ಲ ಅಂತ ಶುರು ಮಾಡಿ, ಆ ತೊಂದರೆಯನ್ನು ತಾನೇ ಓದುಗರಿಗೆ ವಿವರಿಸಿದ್ದಾನೆ. ನಿಮ್ಮ ಸಹೋದ್ಯೋಗಿಗೆ ಇದನ್ನು ತೋರಿಸಿ ಮೇಡಂ. ಸಾಧನೆಯ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಆ ಅನುಬಂಧ ಅಂತ ನನ್ನ ಗಟ್ಟಿ ಅಭಿಪ್ರಾಯ.

---

ನೀಲಿಶಾಯಿ:

ಎಲ್ಲರೂ ಮೇಡಂ ತಪ್ಪು ಮಾಡಿದರು ಅಂತ ಮೊದಲೇ ಒಪ್ಪಿಕೊಂಡು ಮಾತಾಡುತ್ತಿದ್ದೀರಿ. ನನಗೆ ಅದೇ ಸರಿ ಕಾಣುತ್ತಿಲ್ಲ.

ಮೇಡಂ, ಕತ್ತರಿ ತಿರುಗಿಸಿ ಕೊಟ್ಟಿದ್ದನ್ನು ನೋಡಿ ಇವರು ನನ್ನ ಅಪ್ಪನೇ ಅಂತ ನಿಮಗೆ ಹೇಗೆ ಗೊತ್ತಾಯಿತು? ನೀವು ಐದಾರು ವರ್ಷದವರಿದ್ದಾಗಿನ ನೆನಪು ನಿಮ್ಮಲ್ಲಿ ಇದ್ದದ್ದರಿಂದ. ಅಂದರೆ ಕಥೆ ಎಲ್ಲಿಗೂ ಹೋಗಿರಲಿಲ್ಲ, ಅವರ ಕೈಯಿಂದ ನಿಮ್ಮ ಕೈಗೆ ಬಂದಿತ್ತು. ನಿಮ್ಮ ಥೀಸಿಸ್‌ನಲ್ಲಿ ಒಂದೇ ಒಂದು ಪದ ತಿದ್ದಿದರೆ ಸಾಕಲ್ಲ. ಮನುಷ್ಯ ಅಂದರೆ ತಾನು ಹೇಳಿಕೊಳ್ಳುವ ಕಥೆ ಅನ್ನುವ ಬದಲು, ಅವನ ಬಗ್ಗೆ ಅವನೂ ಅವನ ಹತ್ತಿರದವರೂ ಸೇರಿ ಹೇಳುವ ಕಥೆ ಅಂತ ಮಾಡಿ. ಮಾತು ಬರದ ಮಗುವಿನ ಪ್ರಶ್ನೆಗೂ ಉತ್ತರ ಸಿಗುತ್ತದೆ. ಅದರ ಕಥೆಯನ್ನು ತಾಯಿ ಹೇಳುತ್ತಿರುತ್ತಾಳೆ.

ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ ಮಾಡಿದ್ದೂ ಇದನ್ನೇ ಅಲ್ವಾ? ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್, ಎಲ್ಲಾ ಅಪ್ಪನ ಪಾಠ. ಜನರ ಸುಖ ಹೆಚ್ಚಿಸುವುದೇ ಬದುಕು ಅಂತ ಬೆಳೆದವನು. 1826ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ನೀನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣ ಆಗಿಹೋದರೆ ನಿನಗೆ ಸಂತೋಷ ಆಗುತ್ತದಾ ಅಂತ ತನ್ನನ್ನೇ ಕೇಳಿಕೊಂಡ. ಇಲ್ಲ ಅನ್ನುವ ಉತ್ತರ ಒಳಗಿನಿಂದ ಬಂತು. ತಿಂಗಳುಗಟ್ಟಲೆ ಕತ್ತಲು. ಹಾಗಂತ ಸುಖದ ಸಿದ್ಧಾಂತವನ್ನು ಅವನು ಬಿಸಾಡಲಿಲ್ಲ. ಸುಖವೇ ಗುರಿ, ಆದರೆ ಅದರ ಹಿಂದೆಯೇ ಬಿದ್ದರೆ ಸಿಗುವುದಿಲ್ಲ, ಬೇರೆ ಯಾವುದರಲ್ಲೋ ಮನಸ್ಸಿಟ್ಟರೆ ದಾರಿಯಲ್ಲಿ ಸಿಗುತ್ತದೆ ಅಂತ ತಿದ್ದಿಕೊಂಡ. ಮನೆ ಉಳಿಸಿಕೊಂಡು ಒಂದು ಗೋಡೆ ಒಡೆದು ಕಟ್ಟಿದ. ನೀವು ಇಡೀ ಮನೆ ಕೆಡವಲು ಹೊರಟಿದ್ದೀರಿ.

---

ಅಂಚಿನ_ಟಿಪ್ಪಣಿ:

ಮೂವರಿಗೂ ಮನಸಾರೆ ಧನ್ಯವಾದ. ನಿನ್ನೆಯಿಂದ ನಾಲ್ಕೈದು ಸಲ ಓದಿದೆ.

ನೀಲಿಶಾಯಿ ಅವರೇ, ನೀವು ಹೇಳಿದ ತಿದ್ದುಪಡಿಯನ್ನು ನಾನೂ ಮಾಡಿ ನೋಡಿದ್ದೆ. ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ಅದನ್ನೇ ಹಿಡಿದುಕೊಂಡಿದ್ದೆ, ಸಮಾಧಾನ ಕೊಡುವ ಮಾತು ಅದು. ಆದರೆ ನಿಲ್ಲುವುದಿಲ್ಲ. ಆ ದಿನ ಕತ್ತರಿ ಕೇಳಿದವರು ನಾನಲ್ಲದೇ ಮೊದಲ ಸಲ ಮನೆಗೆ ಬಂದ ನರ್ಸ್ ಆಗಿದ್ದರೂ ಅಪ್ಪ ಹಿಡಿಯನ್ನೇ ಅವರ ಕಡೆ ತಿರುಗಿಸುತ್ತಿದ್ದರು. ಆ ನರ್ಸ್‌ಗೆ ಅಪ್ಪನ ಕಥೆ ಏನೂ ಗೊತ್ತಿರುತ್ತಿರಲಿಲ್ಲ. ಎದುರಿನವರ ಕೈಗೆ ಅಲಗು ತಾಗಬಾರದು ಅನ್ನುವ ಕಾಳಜಿ ಅವರ ಬೆರಳುಗಳಲ್ಲಿತ್ತು. ಅದಕ್ಕೆ ನನ್ನ ನೆನಪು ಬೇಕಿರಲಿಲ್ಲ. ಅಪ್ಪ ಇದ್ದಾರೆ ಅಂತ ನನಗೆ ಗೊತ್ತಾಗಲು ನನ್ನ ನೆನಪು ಬೇಕಿತ್ತು, ಅವರು ಇರುವುದಕ್ಕೆ ಬೇಕಿರಲಿಲ್ಲ. ಎರಡೂ ಬೇರೆ ಬೇರೆ ಅಲ್ವಾ?

ಇನ್ನೊಂದು ಹೇಳಿಬಿಡುತ್ತೇನೆ. ಫ್ರೆಂಚ್ ತತ್ವಜ್ಞಾನಿ ಮೆರ್ಲೋ-ಪಾಂಟಿ 1945ರಲ್ಲೇ ಇದನ್ನು ಬರೆದಿದ್ದಾನೆ. ಅಭ್ಯಾಸ ಅನ್ನುವುದು ಕೈಯಲ್ಲಿರುವ ಅರಿವು, ಬೆರಳಚ್ಚು ಮಾಡುವವರಿಗೆ ಯಾವ ಅಕ್ಷರ ಎಲ್ಲಿದೆ ಅಂತ ಬಾಯಲ್ಲಿ ಹೇಳಲು ಬಾರದಿದ್ದರೂ ಬೆರಳಿಗೆ ಗೊತ್ತು ಅಂತ. ನಾನು ಅದನ್ನು ಬೇರೆ ಸೆಮಿಸ್ಟರ್‌ನಲ್ಲಿ ಬೇರೆ ಪಾಠವಾಗಿ ಎಷ್ಟೋ ವರ್ಷ ಕಲಿಸಿದ್ದೇನೆ. ನನ್ನ ಥೀಸಿಸ್ ಪಕ್ಕದಲ್ಲಿ ಇಟ್ಟು ನೋಡಬೇಕು ಅಂತ ಒಂದು ದಿನವೂ ಹೊಳೆಯಲಿಲ್ಲ. ಇದು ನನ್ನನ್ನು ಬಹಳ ಚುಚ್ಚುತ್ತದೆ.

---

ಸಂಜೆ_ನಡಿಗೆ:

ಮೇಡಂ, ನೀಲಿಶಾಯಿ ಅವರು ಮಿಲ್ ಹೆಸರು ತೆಗೆದರು, ಹಾಗಾಗಿ ನಾನು ಬರೆಯಲೇಬೇಕು.

ಮಿಲ್ ಆತ್ಮಕಥೆ ಅವನು ಸತ್ತ ವರ್ಷವೇ, 1873ರಲ್ಲಿ, ಅಚ್ಚಾಯಿತು. ಅಪ್ಪನ ಬಗ್ಗೆ ಪುಟಗಟ್ಟಲೆ ಇದೆ. ಹೆಂಡತಿ ಹ್ಯಾರಿಯಟ್ ಬಗ್ಗೆ ಇದೆ. ಒಂಬತ್ತು ಮಕ್ಕಳನ್ನು ಹೆತ್ತ ಅಮ್ಮ ಮಾತ್ರ ಅದರಲ್ಲಿ ಇಲ್ಲ. ಮೊದಲ ಕರಡಿನಲ್ಲಿ ಅವಳ ಬಗ್ಗೆ ಕೆಲವು ಸಾಲು ಬರೆದಿದ್ದ, ಪ್ರೀತಿಯ ಸಾಲುಗಳೇನಲ್ಲ, ಆಮೇಲೆ ಅವನ್ನೂ ತೆಗೆದುಹಾಕಿದ. ಕತ್ತಲೆಯಿಂದ ಅವನು ಹೊರಬಂದದ್ದು ಹೇಗೆ ಅಂತ ನೋಡಿ. ಮಾರ್ಮೊಂಟೆಲ್ ಅನ್ನುವ ಫ್ರೆಂಚ್ ಲೇಖಕನ ನೆನಪಿನ ಪುಸ್ತಕ ಓದುತ್ತಿದ್ದ. ಅಪ್ಪ ಸತ್ತ ಮನೆಯಲ್ಲಿ ಚಿಕ್ಕ ಹುಡುಗನೊಬ್ಬ, ಇನ್ನು ಮೇಲೆ ನಿಮಗೆಲ್ಲ ನಾನಿದ್ದೇನೆ ಅಂತ ಮನೆಯವರಿಗೆ ಧೈರ್ಯ ಕೊಡುವ ಜಾಗ ಬಂದಾಗ ಮಿಲ್‌ಗೆ ಕಣ್ಣೀರು ಬಂತು. ನಾನು ಬರೀ ಮರದ ಕೊರಡಲ್ಲ ಅಂತ ಆವತ್ತು ಗೊತ್ತಾಯಿತು ಅನ್ನುತ್ತಾನೆ. ಸಿದ್ಧಾಂತ ತಿದ್ದಿಕೊಂಡದ್ದಕ್ಕೆ ಬೆಳಕು ಬಂದದ್ದು ಅಂಥ ಕಡೆಯಿಂದ. ಹಾಗಾಗಿ ಅಪ್ಪ, ಅಮ್ಮ, ಕತ್ತರಿ ಇವೆಲ್ಲ ಖಾಸಗಿ ವಿಷಯ, ಕೆಲಸಕ್ಕೆ ಸಂಬಂಧ ಇಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಹ್ಯೂಮ್ ಬಗ್ಗೆ ಯಾರೂ ಹೇಳಲಿಲ್ಲ, ನಿಮ್ಮ ವಿಷಯಕ್ಕೆ ತುಂಬಾ ಹತ್ತಿರದವನು. ಒಳಗೆ ನೋಡಿಕೊಂಡರೆ ನಾನು ಅನ್ನುವುದು ಸಿಗುವುದೇ ಇಲ್ಲ, ಅನುಭವಗಳ ಒಂದು ಕಟ್ಟು ಮಾತ್ರ ಸಿಗುತ್ತದೆ ಅಂತ 1739ರ ಪುಸ್ತಕದಲ್ಲಿ ಬರೆದ. ಮರುವರ್ಷವೇ ಕೊನೇ ಸಂಪುಟದ ಅನುಬಂಧದಲ್ಲಿ, ಆ ಭಾಗವನ್ನು ಮತ್ತೆ ನೋಡಿದರೆ ಜಟಿಲವಾದ ಗೊಂದಲದಲ್ಲಿ ಸಿಕ್ಕಿಕೊಂಡಿದ್ದೇನೆ, ತಿದ್ದುವುದೂ ಗೊತ್ತಾಗುತ್ತಿಲ್ಲ, ಹೊಂದಿಸುವುದೂ ಗೊತ್ತಾಗುತ್ತಿಲ್ಲ ಅಂತ ಒಪ್ಪಿಕೊಂಡ. 1776ರ ಏಪ್ರಿಲ್‌ನಲ್ಲಿ, ಸಾಯುವ ನಾಲ್ಕು ತಿಂಗಳ ಮುಂಚೆ, ಕೆಲವೇ ಪುಟದ ಆತ್ಮಕಥೆ ಬರೆದ. 1739ರ ಆ ಪುಸ್ತಕ ಅಚ್ಚುಮನೆಯಿಂದ ಹುಟ್ಟುತ್ತಲೇ ಸತ್ತಿತು ಅಂತ ಅದರಲ್ಲಿ ಹೇಳುತ್ತಾನೆ, ಆ ಗೊಂದಲದ ಮಾತೇ ಇಲ್ಲ. ನನಗೆ ಅದು ಬೇಜಾರು. ಆದರೂ ಕೊನೆಯಲ್ಲಿ ತನ್ನ ಸ್ವಭಾವ ಹೇಳಿಕೊಳ್ಳುವಾಗ, ನಾನು ಇಂಥವನು, ಇಂಥವನಾಗಿದ್ದೆ ಅನ್ನಬೇಕು, ಇನ್ನು ಮೇಲೆ ನನ್ನ ಬಗ್ಗೆ ಹಾಗೇ ಮಾತಾಡಬೇಕು ಅಂತ ಒಂದು ಕಡೆ ಬರುತ್ತದೆ. ನಾನು ಅನ್ನುವುದೇ ಸಿಗಲಿಲ್ಲ ಅಂದವನು ಬದುಕಿರುವಾಗಲೇ ತನ್ನನ್ನು ಭೂತಕಾಲಕ್ಕೆ ಹಾಕಿಕೊಂಡ. ಓದಿದಾಗೆಲ್ಲ ಗಂಟಲು ಕಟ್ಟುತ್ತದೆ.

ಕೊನೆಗೆ ಒಂದು ಸಲಹೆ, ಇದು ಇಂಗ್ಲಿಷ್ ತತ್ವಜ್ಞಾನಿ ಕಾಲಿಂಗ್‌ವುಡ್‌ನಿಂದ. ಅವನ ಆತ್ಮಕಥೆ 1939ರದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಅವನು ಲಂಡನ್‌ನಲ್ಲಿ ದಿನಾ ಕೆಲಸಕ್ಕೆ ನಡೆದು ಹೋಗುವಾಗ ಆಲ್ಬರ್ಟ್ ಸ್ಮಾರಕ ಎದುರಾಗುತ್ತಿತ್ತು. ಅವನ ಕಣ್ಣಿಗೆ ವಿಪರೀತ ವಿಕಾರ. ಮೊದಮೊದಲು ನೋಡಲೂ ಆಗುತ್ತಿರಲಿಲ್ಲ. ಆಮೇಲೆ ಇದನ್ನು ಕಟ್ಟಿದ ಸ್ಕಾಟ್ ಏನು ಮಾಡಲು ಹೊರಟಿದ್ದ, ನಾನು ಬೇರೆ ಏನೋ ಹುಡುಕಿ ಇದರಲ್ಲಿ ಅದು ಇಲ್ಲ ಅಂತ ಬೈಯುತ್ತಿದ್ದೇನಾ ಅಂತ ಕೇಳಿಕೊಳ್ಳಲು ಶುರು ಮಾಡಿದ. ಒಬ್ಬರ ಮಾತು ಅರ್ಥವಾಗಬೇಕಾದರೆ ಅದು ಯಾವ ಪ್ರಶ್ನೆಗೆ ಉತ್ತರ ಅಂತ ಮೊದಲು ಗೊತ್ತಾಗಬೇಕು ಅನ್ನುವ ಅವನ ದೊಡ್ಡ ವಿಚಾರ ಬೆಳೆದದ್ದು ಆ ನಡಿಗೆಯಲ್ಲಿ. ನಿಮ್ಮ ಥೀಸಿಸ್ ತಪ್ಪೋ ಸರಿಯೋ ಆಮೇಲೆ ನೋಡೋಣ. ಅದು ಯಾವ ಪ್ರಶ್ನೆಗೆ ಉತ್ತರ? ಲಾಕ್, ರೀಡ್ ಪ್ರಶ್ನೆ ಬಿಡಿ. ನಿಮ್ಮ ಪ್ರಶ್ನೆ ಏನಿತ್ತು ಆಗ?

---

ಅಂಚಿನ_ಟಿಪ್ಪಣಿ:

ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ನಾಲ್ಕು ದಿನ ಬೇಕಾಯಿತು, ಕ್ಷಮಿಸಿ.

ಥೀಸಿಸ್ ಕೆಳಗೆ ತೆಗೆದೆ. ಬೈಂಡ್ ಬಿಟ್ಟುಕೊಂಡಿದೆ, ನಡುವಿನ ಹಾಳೆಗಳು ಹಳದಿಯಾಗಿವೆ. ಅರ್ಪಣೆಯ ಪುಟದಲ್ಲಿ ಅಮ್ಮನಿಗೆ ಅಂತ ಮಾತ್ರ ಇದೆ. ಅದನ್ನು ಶುರು ಮಾಡುವಾಗ ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ದನಿ ನನಗೆ ಮರೆಯುತ್ತಾ ಬಂದಿತ್ತು. ಮುಖ ಫೋಟೋದಲ್ಲಿ ಇತ್ತು, ದನಿ ಎಲ್ಲೂ ಇರಲಿಲ್ಲ. ರಾತ್ರಿ ಮಲಗುವ ಮುಂಚೆ ಅವಳ ಬಗ್ಗೆ ಒಂದೊಂದು ಸಂಗತಿ ನೆನೆದು ನನಗೆ ನಾನೇ ಕಥೆ ಹೇಳಿಕೊಳ್ಳುತ್ತಿದ್ದೆ. ಕಥೆ ಇರುವವರೆಗೆ ಅವಳು ಇರುತ್ತಾಳೆ ಅಂತ. ನನ್ನ ಪ್ರಶ್ನೆ ಅದಾಗಿತ್ತು. 280 ಪುಟದ ಥೀಸಿಸ್‌ನಲ್ಲಿ ಆ ಪ್ರಶ್ನೆ ಎಲ್ಲೂ ಇಲ್ಲ, ಉತ್ತರ ಮಾತ್ರ ಇದೆ.

ಹಳೇ_ಓದುಗ ಅವರು ಹೇಳಿದ ಹಾಗೆ ಅಧ್ಯಾಯ ಅಧ್ಯಾಯವಾಗಿ ಕೂತೆ. ಲಾಕ್ ಮೇಲೆ, ರೀಡ್ ಮೇಲೆ ಬರೆದದ್ದರಲ್ಲಿ ಎರಡೂವರೆ ಅಧ್ಯಾಯ ಇವತ್ತಿಗೂ ಗಟ್ಟಿ ಇವೆ. ನಾಲ್ಕನೇ ಅಧ್ಯಾಯದಲ್ಲಿ, ಸತ್ತವರು ನಮ್ಮ ಕಥೆಗಳಲ್ಲಿ ಉಳಿಯುತ್ತಾರೆ ಅನ್ನುವುದರಿಂದ, ಕಥೆಯಿಲ್ಲದವರು ಉಳಿದಿಲ್ಲ ಅನ್ನುವುದಕ್ಕೆ ಹಾರಿದ್ದೇನೆ. ಮೊದಲನೆಯದರಿಂದ ಎರಡನೆಯದು ಬರುವುದೇ ಇಲ್ಲ. ಒಂದೇ ಪ್ಯಾರಾದಲ್ಲಿ ಎರಡೂ ಇವೆ, ಇಷ್ಟು ವರ್ಷ ಕಣ್ಣಿಗೆ ಬೀಳಲಿಲ್ಲ. ನೀಲಿಶಾಯಿ ಅವರೇ, ನೀವು ಉಳಿಸಿ ಅಂದದ್ದು ಆ ಮೊದಲನೇ ಮಾತು. ಅದನ್ನು ಉಳಿಸಿಕೊಳ್ಳುತ್ತೇನೆ.

ಶುರು ಹೀಗೆ ಮಾಡಿದ್ದೇನೆ, ನೋಡಿ ಹೇಳಿ:

"ನನ್ನ ಅಪ್ಪ ಕತ್ತರಿ ಕೊಡುವಾಗ ಹಿಡಿಯನ್ನು ಎದುರಿನವರ ಕಡೆ ತಿರುಗಿಸಿ ಕೊಡುತ್ತಿದ್ದರು. ನಾನು 31 ವರ್ಷ ಕಲಿಸಿದ ಸಿದ್ಧಾಂತದ ಪ್ರಕಾರ, ಕೊನೆಯ ಸಲ ಹಾಗೆ ಕೊಟ್ಟಾಗ ಅವರು ಅಲ್ಲಿರಲಿಲ್ಲ. ಆ ಸಿದ್ಧಾಂತವನ್ನು ನಾನು ಕಟ್ಟಿದ್ದು ಅಮ್ಮನ ದನಿ ಮರೆತುಹೋಗುತ್ತಿದ್ದ ದಿನಗಳಲ್ಲಿ. ಅದರಲ್ಲಿ ಯಾವುದು ನಿಂತಿದೆ, ಯಾವುದು ಬಿದ್ದಿದೆ ಅಂತ ಈ ಪುಟಗಳಲ್ಲಿ ಹೇಳುತ್ತೇನೆ. ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಎದ್ದು ಮಾತು ಬರದ ಮಗುವಿನ ಬಗ್ಗೆ ಕೇಳಿದ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ನಾಲ್ಕನೇ ಭಾಗ ಅವಳಿಗೆ ಉತ್ತರ."

ಮುಂದಿನ ವಾರ ಲಾಕ್ ಭಾಗ ಮುಗಿಸಿ ಇಲ್ಲೇ ಹಾಕುತ್ತೇನೆ. ಫ್ರೇಗೆ ಅನುಬಂಧದ ಬಗ್ಗೆಯೂ ಒಂದು ಪುಟ ಬರೆಯುವ ಆಸೆ ಇದೆ. ಮೇಷ್ಟ್ರೇ, ಆ ಪುಟವನ್ನು ನೀವು ಒಮ್ಮೆ ನೋಡಿಕೊಡಬೇಕು.